ಅಮ್ಮನನ್ನು ನೋಡಿಕೊಳ್ಳುವವರ ಸಂಬಳ

“ಪೇಷೆಂಟ್ ತೂಕ ಎಷ್ಟು ಮೇಡಂ?” ರೋಗಿಯನ್ನು ನೋಡಿಕೊಳ್ಳಲು ಮನೆಗೆ ಜನ ಕಳಿಸುವ ಏಜೆನ್ಸಿಯವರು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ ಇದು. ಆಮೇಲೆ ಎದ್ದು ಕೂರುತ್ತಾರಾ, ಮೂಗಿಗೆ ಟ್ಯೂಬ್ ಹಾಕಿದ್ದಾರಾ, ಡಯಾಪರಾ ಕ್ಯಾತಿಟರಾ, ಶುಗರ್ ಇದೆಯಾ, ಮನೆಯಲ್ಲಿ ಎಷ್ಟು ಜನ, ವೆಜ್ಜಾ ನಾನ್‌ವೆಜ್ಜಾ. ಅಮ್ಮನ ಹೆಸರು ಕೇಳಿದ್ದು ಎಲ್ಲಕ್ಕಿಂತ ಕೊನೆಗೆ. ಕೇಳಿಸಿಕೊಳ್ಳುವಾಗ ಕಸಿವಿಸಿಯಾಯಿತು ನಿಜ. ಆದರೆ ಅವು ಕೇಳಲೇಬೇಕಾದ ಪ್ರಶ್ನೆಗಳು. ಅರವತ್ತೆಂಟು ಕೆ.ಜಿ. ತೂಕದ, ಒಂದು ಕಡೆ ಸ್ವಾಧೀನ ತಪ್ಪಿದ ಹೆಂಗಸನ್ನು ದಿನಕ್ಕೆ ಹತ್ತು ಸಲ ಮಗ್ಗುಲು ಬದಲಿಸುವವಳ ಸೊಂಟದ ಪ್ರಶ್ನೆ ಅದು.

ಅಮ್ಮನಿಗೆ ಎಪ್ಪತ್ನಾಲ್ಕು. ಮಿದುಳಿನ ಎಡಭಾಗದ ರಕ್ತನಾಳ ಕಟ್ಟಿಕೊಂಡು ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಜೊತೆಗೆ ಮಾತೂ ಹೋಯಿತು. ತಿಪಟೂರಿನಲ್ಲಿ ಅಪ್ಪನ ದಿನಸಿ ಅಂಗಡಿಯ ಲೆಕ್ಕವನ್ನೆಲ್ಲ ಬರೆದವಳು, ಯಾರ ಮನೆಯ ಬಾಕಿ ಎಷ್ಟು ಎಂದು ಪುಸ್ತಕ ತೆಗೆಯದೆ ಹೇಳುತ್ತಿದ್ದವಳು ಅಮ್ಮ. ಈಗ “ಹೂಂ” ಮತ್ತು “ಬ್ಯಾಡ” ಎರಡೇ ಮಾತು ಉಳಿದವು. ಅಣ್ಣ ಇರುವುದು ಅಮೆರಿಕದಲ್ಲಿ. ನಾನು ಬೆಂಗಳೂರಿನ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ನಮ್ಮವರದು ಪೀಣ್ಯದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಇಬ್ಬರಲ್ಲಿ ಒಬ್ಬರು ಕೆಲಸ ಬಿಟ್ಟರೆ ಮನೆಯ ಸಾಲದ ಕಂತು ನಿಲ್ಲುತ್ತದೆ. ಹಾಗಾಗಿ ಜನ ಇಟ್ಟುಕೊಳ್ಳದೆ ಬೇರೆ ದಾರಿಯಿರಲಿಲ್ಲ.

ಡಿಸ್ಚಾರ್ಜಿಗೆ ಮುಂಚೆ ವಾರ್ಡಿನ ಸಿಸ್ಟರ್ ಟ್ಯೂಬಿನಲ್ಲಿ ಆಹಾರ ಕೊಡುವುದನ್ನು ನನ್ನ ಕೈಯಲ್ಲೇ ಮಾಡಿಸಿದರು. ತಲೆಯ ಕಡೆ ಮಂಚ ಎತ್ತಬೇಕು. ಸಿರಿಂಜಿನಿಂದ ಸ್ವಲ್ಪ ಹಿಂದಕ್ಕೆಳೆದು ಹಿಂದಿನ ಸಲದ್ದು ಹೊಟ್ಟೆಯಲ್ಲೇ ನಿಂತಿದೆಯೇ ನೋಡಬೇಕು. ತೆಳು ಬಟ್ಟೆಯಲ್ಲಿ ಸೋಸಿದ ರಾಗಿ ಗಂಜಿಯನ್ನು ನೂಕಬಾರದು, ಸಿರಿಂಜ್ ಎತ್ತಿ ಹಿಡಿದು ತಾನಾಗಿ ಇಳಿಯಲು ಬಿಡಬೇಕು. ಕೊನೆಗೆ ನೀರು ಬಿಟ್ಟು ಟ್ಯೂಬ್ ತೊಳೆಯಬೇಕು. ಆಮೇಲೆ ಅರ್ಧ ಗಂಟೆ ಮಲಗಿಸಬಾರದು, ಗಂಜಿ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. “ಇದನ್ನು ಮನೆಯವರು ಕಲಿತಿರಬೇಕು. ಬರುವವರಿಗೆ ಬರುತ್ತೋ ಇಲ್ಲವೋ ಅಂತ ನಿಮಗೇ ಗೊತ್ತಾಗಬೇಕಲ್ಲ” ಎಂದರು. ಆ ಒಂದು ಮಾತು ಮುಂದೆ ಬಹಳ ಕೆಲಸಕ್ಕೆ ಬಂತು.

ಮನೆಗೆ ಬರುವವರಲ್ಲಿ ತರಾವರಿ ಇದೆ. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಅಥವಾ ಬಿ.ಎಸ್ಸಿ. ನರ್ಸಿಂಗ್ ಮಾಡಿದ ನರ್ಸ್‌ಗೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಇರುತ್ತದೆ, ಸಂಖ್ಯೆ ಕೇಳಬಹುದು, ಕೇಳಬೇಕು. ಎಎನ್‌ಎಂ, ಅಂದರೆ ಸಹಾಯಕ ನರ್ಸ್ ಕೋರ್ಸ್ ಕಲಿತವರು ಇನ್ನೊಂದು ಹಂತ. ಮೂರನೆಯವರು ಅಟೆಂಡರ್‌ಗಳು. ಕೆಲವರು ಜನರಲ್ ಡ್ಯೂಟಿ ಅಸಿಸ್ಟೆಂಟ್ ಎಂಬ ಕೆಲವು ತಿಂಗಳ ತರಬೇತಿ ಮಾಡಿರುತ್ತಾರೆ, ಹೆಚ್ಚಿನವರು ಮನೆಯಿಂದ ಮನೆಗೆ ಹೋಗುತ್ತ ಕೈಯಲ್ಲಿ ಕಲಿತವರು. ಆದರೆ ಏಜೆನ್ಸಿಯವರ ಬಾಯಲ್ಲಿ ಎಲ್ಲರೂ “ಸಿಸ್ಟರ್”. ಅಮ್ಮನಿಗೆ ಇಂಜೆಕ್ಷನ್ ಇರಲಿಲ್ಲ. ಟ್ಯೂಬ್ ಮತ್ತು ಕ್ಯಾತಿಟರ್ ಬದಲಿಸಲು ಮಾತ್ರ ನರ್ಸ್ ಬಂದುಹೋದರೆ ಸಾಕು, ಅದಕ್ಕೆ ಭೇಟಿಯ ಲೆಕ್ಕದಲ್ಲಿ ದುಡ್ಡು. ದಿನವಿಡೀ ಬೇಕಾದ್ದು ಉಣಿಸಿ, ಮೈ ಒರೆಸಿ, ಬಟ್ಟೆ ಬದಲಿಸಿ, ಏಳಿಸಿ ಕೂರಿಸುವ ಕೈ. ಆ ಕೆಲಸಕ್ಕೆ ನರ್ಸ್ ಬೇಕೆಂದು ಹಟ ಹಿಡಿದರೆ ದುಡ್ಡು ದುಪ್ಪಟ್ಟು, ಮೇಲಾಗಿ ಡಯಾಪರ್ ಬದಲಿಸುವುದು ನಮ್ಮ ಕೆಲಸವಲ್ಲ ಎನ್ನುವವರೂ ಇದ್ದಾರೆ.

ನಮಗೆ ಹೇಳಿದ ದರ ಹೀಗಿತ್ತು. ಹಗಲು 12 ಗಂಟೆಗೆ 800 ರೂಪಾಯಿ, ರಾತ್ರಿ 12 ಗಂಟೆಗೆ 900. ಮನೆಯಲ್ಲೇ ಉಳಿಯುವವರಾದರೆ “24 ಗಂಟೆ”ಗೆ ತಿಂಗಳಿಗೆ 27,000, ಊಟ ವಸತಿ ನಮ್ಮದು. ನೋಂದಣಿ ಶುಲ್ಕ ಬೇರೆ, ತಿಂಗಳ ಹಣ ಮುಂಗಡ. ಅಮ್ಮನ ಹಾಗೆ ಲೆಕ್ಕ ಬರೆಯುವ ಅಭ್ಯಾಸ ನನಗೂ ಇದೆ, ಬರೆದು ನೋಡಿದೆ. ಹಗಲೊಬ್ಬರು ರಾತ್ರಿಯೊಬ್ಬರು ಎಂದರೆ ತಿಂಗಳಿಗೆ 51,000. ಅದೇ 24 ಗಂಟೆ ಒಬ್ಬರೇ ಎಂದರೆ 27,000. ಮಧ್ಯದ 24,000 ಎಲ್ಲಿಂದ ಉಳಿಯಿತು? ಆ ಹೆಣ್ಣುಮಗಳ ನಿದ್ದೆಯಿಂದ. ಬೇರೆ ಉತ್ತರವಿಲ್ಲ. ಈ ವ್ಯವಹಾರದಲ್ಲಿ ನಾನು ಕಂಡುಕೊಂಡದ್ದರಲ್ಲಿ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ.

ಮೊದಲು ಬಂದವಳು ಒಡಿಶಾದ ಹುಡುಗಿ. ಕೈ ಮೃದು, ಕೆಲಸದಲ್ಲಿ ಚುರುಕು. ಹಿಂದಿಯಲ್ಲಿ “ಅಮ್ಮಾಜಿ” ಎಂದು ಮಾತಾಡಿಸುತ್ತಿದ್ದಳು. ಅಮ್ಮನಿಗೆ ಹಿಂದಿ ಅಷ್ಟಕ್ಕಷ್ಟೇ, ಸುಮ್ಮನೆ ಗೋಡೆಯ ಕಡೆ ಮುಖ ಮಾಡುತ್ತಿದ್ದಳು. ಇನ್ನೇನು ಒಬ್ಬರಿಗೊಬ್ಬರು ಒಗ್ಗಿದರು ಎನ್ನುವಾಗ ಏಜೆನ್ಸಿಯಿಂದ ಫೋನ್ ಬಂತು: ನಾಳೆ ಬೇರೆ ಹುಡುಗಿ ಕಳಿಸುತ್ತೇವೆ. ಯಾಕೆಂದು ಕೇಳಿದರೆ ಸರಿಯಾದ ಉತ್ತರವಿಲ್ಲ. ಹೆಚ್ಚು ದರ ಕೊಡುವ ಮನೆ ಸಿಕ್ಕಿದೆ ಎಂದು ಆ ಹುಡುಗಿಯೇ ಬ್ಯಾಗು ತುಂಬುತ್ತ ಹೇಳಿದಳು. ಅವಳಿಗೂ ಹೋಗಲು ಮನಸ್ಸಿರಲಿಲ್ಲ, ಅಲ್ಲಿ ಅವಳ ಕೈಗೆ ಹೆಚ್ಚು ಬರುವುದೂ ಇರಲಿಲ್ಲ. ಬದಲಿಗೆ ಬಂದವಳಿಗೆ ಟ್ಯೂಬ್ ಮುಟ್ಟಲು ಭಯ. ಬಾಗಿಲಲ್ಲೇ ಗಂಜಿಯ ಬಟ್ಟಲು ಕೊಟ್ಟು ತೋರಿಸಿ ಎಂದಾಗ ಗೊತ್ತಾಗಿಹೋಯಿತು. ಅನುಭವ ಮೂರು ವರ್ಷ ಎಂದು ಕಾಗದದಲ್ಲಿತ್ತು. ಆ ಮಗುವಿನದೇನೂ ತಪ್ಪಿಲ್ಲ, ಕಳಿಸಿದವರದು. ಅಂದೇ ವಾಪಸ್ ಕಳಿಸಿ, ಒಪ್ಪಂದದಲ್ಲಿದ್ದ ಬದಲಿ ಷರತ್ತನ್ನು ಓದಿ ಹೇಳಿ, ಕನ್ನಡ ಬರುವವರೇ ಬೇಕೆಂದು ಪಟ್ಟು ಹಿಡಿದೆ.

ಹಾಗೆ ಬಂದವರು ರಾಯಚೂರು ಕಡೆಯ ಒಬ್ಬ ಹೆಣ್ಣುಮಗಳು. ನನ್ನದೇ ಓರಗೆ, ನಲವತ್ತು ದಾಟಿದವರು. ಗಂಡ ಇಲ್ಲ, ಮಗಳು ಊರಿನಲ್ಲಿ ಅಜ್ಜಿಯ ಹತ್ತಿರ ಇದ್ದು ಓದುತ್ತಾಳೆ. ಬಂದವರೇ ಕೈಕಾಲು ತೊಳೆದು, ಅಮ್ಮನ ಎದುರು ಸ್ಟೂಲ್ ಹಾಕಿಕೊಂಡು ಕೂತು, “ಅಮ್ಮಾರ, ನಾ ಬಂದೀನಿ. ನಿಮಗ ಏನು ಬೇಕಂತ ಕಣ್ಣಿನಾಗ ಹೇಳ್ರಿ, ಸಾಕು” ಎಂದರು. ಅಮ್ಮ “ಹೂಂ” ಎಂದಳು.

ಅವರ ಕೆಲಸ ಎಂಥದೆಂದು ಒಂದು ಸಂಗತಿಯಲ್ಲಿ ಹೇಳುತ್ತೇನೆ. ಒಂದು ಬೆಳಿಗ್ಗೆ ಮೈ ಒರೆಸುವಾಗ ನನ್ನನ್ನು ಕೂಗಿದರು. ಅಮ್ಮನನ್ನು ಎಡಮಗ್ಗುಲಿಗೆ ತಿರುಗಿಸಿ, ಬೆನ್ನುಮೂಳೆಯ ಬುಡದಲ್ಲಿ ಎಂಟಾಣೆ ಅಗಲದ ಕೆಂಪನ್ನು ತೋರಿಸಿದರು. ನನಗೆ ಸೊಳ್ಳೆ ಕಚ್ಚಿದಂತೆ ಕಂಡಿತು. ಅವರು ಬೆರಳಿನಿಂದ ಒತ್ತಿ ಬಿಟ್ಟು, “ಇಲ್ಲಿ ನೋಡ್ರಿ ಅಕ್ಕಾರ, ಒತ್ತಿದ್ರ ಬೆಳ್ಳಗ ಆಗವಲ್ದು. ಒಳಗ ಸುರು ಆಗ್ಯದ” ಎಂದರು. ಒತ್ತಿದಾಗ ಕೆಂಪು ಮಾಯವಾದರೆ ರಕ್ತ ಓಡಾಡುತ್ತಿದೆ ಎಂದರ್ಥ. ಹೋಗದಿದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ಅಂದೇ ಏರ್‌ಬೆಡ್ ತರಿಸಿ, ಮಗ್ಗುಲು ಬದಲಿಸುವ ವೇಳೆಯನ್ನು ಗೋಡೆಗೆ ಬರೆದು ಹಾಕಿದೆವು. ಬೆನ್ನ ಮೇಲೆ ಮಲಗಿಸುವುದು ಕಡಿಮೆ, ಕಾಲುಗಳ ನಡುವೆ ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಕೆಳಗೆ ಮಡಿಸಿದ ಬೆಡ್‌ಶೀಟ್. ವಾರದೊಳಗೆ ಕೆಂಪು ಇಳಿಯಿತು. ಹುಣ್ಣಾಗಿದ್ದರೆ ಮತ್ತೆ ಆಸ್ಪತ್ರೆ, ಡ್ರೆಸಿಂಗ್, ಸೋಂಕು, ಏನೇನೋ. ಅವರ ಹೆಸರಿನ ಮುಂದೆ ಯಾವ ಸರ್ಟಿಫಿಕೇಟೂ ಇಲ್ಲ.

ಎರಡು ಗಂಟೆಗೊಮ್ಮೆ ಮಗ್ಗುಲು ಎಂದರೆ ರಾತ್ರಿಯೂ ಎರಡು ಗಂಟೆಗೊಮ್ಮೆಯೇ. ಮಧ್ಯೆ ಡಯಾಪರ್, ಕೆಮ್ಮು, ಅಮ್ಮನ ನರಳಾಟ. ಅಟೆಂಡರ್ ಅಲ್ಲೇ ಚಾಪೆ ಹಾಸಿ ಮಲಗುತ್ತಾರೆ, ನಡುನಡುವೆ ಏಳುತ್ತಾರೆ ಎಂಬುದು ಏಜೆನ್ಸಿಯವರ ಲೆಕ್ಕ. ಹಾಗೆ ತಿಂಗಳುಗಟ್ಟಲೆ ಏಳುವ ಮನುಷ್ಯರಿಲ್ಲ. ಒಂದು ದಿನ ಮಧ್ಯಾಹ್ನ ಗಂಜಿ ಹಿಡಿದ ಅವರ ಕೈ ಸಣ್ಣಗೆ ನಡುಗುತ್ತಿತ್ತು. ಅವತ್ತೇ ಮನೆಯಲ್ಲಿ ಮಾತಾಡಿ ತೀರ್ಮಾನಿಸಿದೆವು. ರಾತ್ರಿ ಹತ್ತೂವರೆಯಿಂದ ಬೆಳಗಿನ ಐದರ ತನಕ ಅವರು ಇನ್ನೊಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುವುದು. ಆ ಹೊತ್ತಿನ ಸರದಿ ನನ್ನದು ಮತ್ತು ನಮ್ಮವರದು. ಏರ್‌ಬೆಡ್ ಇದ್ದುದರಿಂದ ರಾತ್ರಿ ಸ್ವಲ್ಪ ಅಂತರ ಕೊಡಬಹುದು ಎಂದು ಡಾಕ್ಟರ್ ಹೇಳಿದರು. ನನ್ನ ಉತ್ತರಪತ್ರಿಕೆ ಮೌಲ್ಯಮಾಪನದ ದಿನಗಳಲ್ಲಿ, ನಮ್ಮವರ ನೈಟ್ ಶಿಫ್ಟ್ ಇದ್ದಾಗ, ರಾತ್ರಿಗೆ 900 ಕೊಟ್ಟು ಬೇರೆಯವರನ್ನು ಕರೆಸಿದೆವು. ಖರ್ಚು ಏರಿತು. ಆದರೆ ನಿದ್ದೆಯಿಲ್ಲದವರ ಕೈಯಲ್ಲಿ ಅಮ್ಮನ ಉಸಿರಾಟದ ಪಕ್ಕದ ಟ್ಯೂಬನ್ನು ಇಡುವುದಕ್ಕಿಂತ ಅದು ಎಷ್ಟೋ ಮೇಲು. ಇದು ದಯೆಯ ಮಾತಷ್ಟೇ ಅಲ್ಲ, ಅಮ್ಮನ ಆರೋಗ್ಯದ ಮಾತೂ ಹೌದು.

ಒಮ್ಮೆ ಬಟ್ಟೆ ಒಣಹಾಕುತ್ತ, “ನಾವು ಕೊಡೋದರಲ್ಲಿ ನಿಮ್ಮ ಕೈಗೆ ಎಷ್ಟು ಬರುತ್ತೆ?” ಎಂದು ಕೇಳಿದೆ.

“ಹದಿನಾರು ಬರ್ತದ್ರಿ. ರಜಾ ಹೋದ್ರ ಅದರಾಗ ಹಿಡ್ಕೋತಾರ.”

27,000ದಲ್ಲಿ 16,000. ಏಜೆನ್ಸಿಗೂ ಖರ್ಚಿದೆ, ಒಪ್ಪುತ್ತೇನೆ. ಜನ ಹುಡುಕುತ್ತಾರೆ, ಕೆಲಸವಿಲ್ಲದಾಗ ಇರಲು ಹಾಸ್ಟೆಲ್ ಇಟ್ಟಿರುತ್ತಾರೆ, ಒಬ್ಬರು ಬಿಟ್ಟರೆ ಇನ್ನೊಬ್ಬರನ್ನು ಕಳಿಸುತ್ತಾರೆ. ಮೊದಲ ಒಂದೆರಡು ತಿಂಗಳು ಅದಕ್ಕೆ ಬೆಲೆ ಕೊಡಬೇಕು. ಆದರೆ ಪ್ರತಿ ತಿಂಗಳೂ, ವರ್ಷಗಟ್ಟಲೆ, 11,000? ಅದಕ್ಕಿಂತ ಬೇಸರವಾದದ್ದು ಅವರ ಮೂಲ ಆಧಾರ್ ಕಾರ್ಡನ್ನೂ ಏಜೆನ್ಸಿಯವರೇ ಇಟ್ಟುಕೊಂಡಿದ್ದು. ಕಾರ್ಡ್ ಕೈಯಲ್ಲಿಲ್ಲದೆ ಶಕ್ತಿ ಯೋಜನೆಯ ಉಚಿತ ಬಸ್ಸು ಹತ್ತುವಾಗಲೂ ಫೋನಿನಲ್ಲಿದ್ದ ಫೋಟೊ ತೋರಿಸಿ ಕಂಡಕ್ಟರ್ ಹತ್ತಿರ ಬೇಡಿಕೊಳ್ಳುತ್ತಿದ್ದರು. ನಾನು ಫೋನ್ ಮಾಡಿ, ಪೊಲೀಸ್ ವೆರಿಫಿಕೇಷನ್‌ಗೆ ಮೂಲ ಕಾರ್ಡೇ ಬೇಕು, ಕೊಡದಿದ್ದರೆ ಠಾಣೆಯಲ್ಲೇ ಕೇಳುತ್ತೇನೆ ಎಂದೆ. ಮಾರನೆಯ ದಿನ ಕಾರ್ಡ್ ಮನೆಗೆ ಬಂತು. ವೆರಿಫಿಕೇಷನ್‌ಗೆ ಸರ್ಕಾರದ ಸೇವಾ ಸಿಂಧು ಪೋರ್ಟಲಿನಲ್ಲಿ ಅರ್ಜಿ ಹಾಕಿದ್ದೂ ನಿಜವೇ. ಏಜೆನ್ಸಿಯವರು ನಾವು ಮಾಡಿಸಿದ್ದೇವೆ ಎನ್ನುತ್ತಾರೆ, ಕಾಗದ ತೋರಿಸಿ ಎಂದರೆ ತೋರಿಸುವುದಿಲ್ಲ. ನಮ್ಮ ಅಟೆಂಡರ್ ಜೊತೆಯೇ ಕೂತು, ಯಾಕೆ ಹಾಕುತ್ತಿದ್ದೇನೆಂದು ಹೇಳಿ ಅರ್ಜಿ ಹಾಕಿದೆ. ಬೆನ್ನಹಿಂದೆ ವಿಚಾರಿಸಿ, ಎದುರಿಗೆ ಅಕ್ಕ ಅನ್ನುವುದು ನನ್ನಿಂದಾಗದು.

ಒಪ್ಪಂದದಲ್ಲಿ ಇನ್ನೊಂದು ಷರತ್ತಿತ್ತು: ನೇರವಾಗಿ ಇಟ್ಟುಕೊಂಡರೆ ಏಜೆನ್ಸಿಗೆ ಒಂದು ತಿಂಗಳ ಶುಲ್ಕ ಕಟ್ಟಬೇಕು. ಕದ್ದುಮುಚ್ಚಿ ಮಾಡುವವರೇ ಹೆಚ್ಚು. ಹಾಗೆ ಮಾಡಿದರೆ ತೊಂದರೆ ಬರುವುದು ಕೆಲಸದವರಿಗೆ, ಆಮೇಲೆ ಯಾವ ಏಜೆನ್ಸಿಯೂ ಅವರನ್ನು ಸೇರಿಸುವುದಿಲ್ಲ. ನಾವು 27,000 ಕಟ್ಟಿ ರಸೀದಿ ಪಡೆದು ಲೆಕ್ಕ ಮುಗಿಸಿದೆವು. ನಂತರ ನಾನೂ ನಮ್ಮ ಅಟೆಂಡರೂ ಕೂತು ಕನ್ನಡದಲ್ಲಿ ಒಂದು ಪುಟ ಬರೆದೆವು. ಸಂಬಳ 22,000, ತಿಂಗಳ ಒಂದನೇ ತಾರೀಖು ಅವರ ಖಾತೆಗೆ. ತಿಂಗಳಿಗೆ ನಾಲ್ಕು ದಿನ ಸಂಬಳ ಸಹಿತ ರಜೆ, ಕೂಡಿಹಾಕಿ ಊರಿಗೂ ಹೋಗಬಹುದು. ಅಮ್ಮನ ಕೆಲಸ ಮಾತ್ರ ಅವರದು, ಮನೆಯ ಪಾತ್ರೆ, ಕಸ ಅಲ್ಲ. ಎರಡೂ ಕಡೆ ಬಿಡಬೇಕಾದರೆ ಒಂದು ತಿಂಗಳ ನೋಟಿಸು. ಅವರು ನಿಧಾನ ಓದಿ, “ಅಮ್ಮಾರು ಆಸ್ಪತ್ರ್ಯಾಗ ಇದ್ರ ಸಂಬಳ?” ಎಂದು ಕೇಳಿದರು. ಅದನ್ನೂ ಸೇರಿಸಿದೆವು, ಪೂರ್ತಿ ಸಂಬಳ ಎಂದು. ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, 2004ರಲ್ಲಿ. ಆದರೆ ಕಾಯ್ದೆಯ ಅಂಕಿಯನ್ನು ಪಾಲಿಸುತ್ತಾರೋ ಇಲ್ಲವೋ ಎಂದು ಮನೆಯೊಳಗೆ ಬಂದು ನೋಡುವವರಿಲ್ಲ. ಆ ಒಂದು ಪುಟ ಇಬ್ಬರಿಗೂ ಆಧಾರ.

ನಮಗೆ ಉಳಿದ 5,000ದಲ್ಲಿ 3,600 ರಜೆಯ ನಾಲ್ಕು ದಿನಕ್ಕೆ ಬರುವ ಬದಲಿಯವರಿಗೆ ಹೋಗುತ್ತದೆ. ಇನ್ನುಳಿದದ್ದರಲ್ಲಿ ಅವರ ಹೆಸರಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಎಂಬ ಅಪಘಾತ ವಿಮೆ ಮತ್ತು ಜೀವನ್ ಜ್ಯೋತಿ ಬಿಮಾ ಎಂಬ ಜೀವ ವಿಮೆ ಮಾಡಿಸಿದೆವು. ವರ್ಷಕ್ಕೆ 20 ಮತ್ತು 436 ರೂಪಾಯಿ, ಅವರ ಖಾತೆಯಿಂದಲೇ ಕಡಿತವಾಗುತ್ತದೆ, ನಾವು ಹಾಕುತ್ತೇವೆ. ಅಸಂಘಟಿತ ಕಾರ್ಮಿಕರಿಗಿರುವ ಇ-ಶ್ರಮ್ ನೋಂದಣಿಯನ್ನೂ ಫೋನಿನಲ್ಲೇ ಮುಗಿಸಿದೆವು. ಮಗಳ ಕಾಲೇಜು ಫೀಸಿಗೆ 20,000 ಮುಂಗಡ ಕೇಳಿದಾಗ ಕೊಟ್ಟು, ತಿಂಗಳಿಗೆ 2,000ದಂತೆ ಹಿಡಿಯುವುದೆಂದು ಅದೇ ಪುಟದ ಹಿಂದೆ ಬರೆದು ಇಬ್ಬರೂ ಸಹಿ ಹಾಕಿದೆವು. ಮುಂಗಡ ಕೊಟ್ಟರೆ ಓಡಿಹೋಗುತ್ತಾರೆ ಎಂದು ಹೆದರಿಸಿದವರು ಬಹಳ ಜನ. ಹಬ್ಬಕ್ಕೆ ಹೋದವರು ಹೇಳಿದ ದಿನವೇ ಬಂದರು, ಜೋಳದ ಹಿಟ್ಟಿನ ಗಂಟು ಹೊತ್ತುಕೊಂಡು.

ಅಡುಗೆಮನೆಯ ವಿಷಯ ಹೇಳದೆ ಹೋದರೆ ಈ ಬರಹ ಅರ್ಧ ಸುಳ್ಳಾಗುತ್ತದೆ. ನಮ್ಮದು ಮಾಂಸ ಬೇಯಿಸದ ಮನೆ. ಅದನ್ನು ಅವರಿಗೆ ಮೊದಲೇ ಹೇಳಿದ್ದೆ, ಅವರು ಒಪ್ಪಿದ್ದರು. ರಜೆಯ ದಿನ ಅವರು ಏನು ತಿನ್ನುತ್ತಾರೆಂಬುದು ನಮಗೆ ಸೇರಿದ್ದಲ್ಲ. ಆದರೆ ನೋಡಲು ಬಂದ ನೆಂಟರಲ್ಲಿ ಒಬ್ಬರು ಕೂತವರೇ “ಯಾವ ಜನ?” ಎಂದು ಕೇಳಿದರು. ಇನ್ನೊಬ್ಬರು ಅವರಿಗೆ ಬೇರೆ ತಟ್ಟೆ ಲೋಟ ಇಡಲಿಲ್ಲವಾ ಎಂದರು. ನನಗೆ ಮೈಯೆಲ್ಲ ಉರಿಯಿತು. ಹೆತ್ತ ಮಕ್ಕಳೂ ಮೂಗು ಮುಚ್ಚಿಕೊಳ್ಳುವ ಕೆಲಸವನ್ನು ಮುಖ ಸಿಂಡರಿಸದೆ ಮಾಡುವವರು ಅವರು. ಅಮ್ಮನ ಬಾಯಿ ಒರೆಸುವ ಕೈಗೆ ಇಲ್ಲದ ಮೈಲಿಗೆ ನಮ್ಮ ಲೋಟಕ್ಕೆ ಎಲ್ಲಿಂದ ಬಂತು ಎಂದು ಅಲ್ಲೇ ಕೇಳಿದೆ. ಮನೆಯಲ್ಲಿ ಒಂದೇ ತಟ್ಟೆ, ಒಂದೇ ಲೋಟ. ಅವರಿಗೆ ಅನ್ನ ಹೊಟ್ಟೆ ತುಂಬುವುದಿಲ್ಲ, ರೊಟ್ಟಿ ಬೇಕು. ಸಂಜೆ ನಮ್ಮ ಗ್ಯಾಸಿನ ಮೇಲೆ ರೊಟ್ಟಿ ತಟ್ಟುತ್ತಾರೆ, ನಾವೂ ತಿನ್ನುತ್ತೇವೆ.

ಅಣ್ಣನ ಜೊತೆ ದುಡ್ಡಿನ ಮಾತು ಸುಲಭವಾಗಿ ಮುಗಿಯಲಿಲ್ಲ. ಅಟೆಂಡರ್ ಸಂಬಳ, ಆಸ್ಪತ್ರೆ ಮಂಚದ ಬಾಡಿಗೆ 2,500, ಡಯಾಪರ್ 4,500, ಎರಡು ದಿನಕ್ಕೊಮ್ಮೆ ಬರುವ ಫಿಸಿಯೊಥೆರಪಿಸ್ಟ್‌ಗೆ 9,000, ಔಷಧಿ. ತಿಂಗಳಿಗೆ ನಲವತ್ತೈದು ಸಾವಿರದ ಆಸುಪಾಸು. ಅಪ್ಪನ ಅಂಗಡಿ ಮಾರಿದ ಹಣದ ಎಫ್‌ಡಿಯಿಂದ ಬರುವ ಬಡ್ಡಿ 5,000. ನಾನು ಪ್ರತಿ ತಿಂಗಳ ಲೆಕ್ಕವನ್ನು ಬಿಲ್ಲುಗಳ ಫೋಟೊ ಸಮೇತ ಅವನಿಗೆ ಕಳಿಸತೊಡಗಿದೆ. ಅವನು ಅರ್ಧ ಹಾಕುತ್ತಾನೆ. ಅಲ್ಲಿ ಇಂಥ ಕೆಲಸಕ್ಕೆ ಗಂಟೆಗೇ ಮೂವತ್ತು ಡಾಲರ್ ಆಸುಪಾಸು ಆಗುತ್ತದಂತೆ. ಹಾಗಿದ್ದೂ, “24 ಗಂಟೆಗೆ ಜನ ಸಿಗ್ತಾರಲ್ಲ, ಮತ್ತೆ ರಾತ್ರಿಗೆ ಬೇರೆ ಯಾಕೆ?” ಎಂದು ಕೇಳಿದ. ಬೇಸಿಗೆ ರಜೆಗೆ ಬಂದಾಗ ರಾತ್ರಿಯ ಸರದಿ ಅವನದಾಯಿತು. ಆಮೇಲೆ ಆ ಪ್ರಶ್ನೆ ಬರಲಿಲ್ಲ. ಅಮ್ಮನ ಕೋಣೆಗೆ ಕ್ಯಾಮೆರಾ ಹಾಕಿಸೋಣ ಎಂದೂ ಹೇಳಿದ್ದ. ಅಟೆಂಡರ್ ಹತ್ತಿರ ಕೇಳಿದೆ. ಹಾಕಿರಿ, ಆದರೆ ಮೈ ಒರೆಸುವಾಗ ಅಮ್ಮಾರ ಮಾನ ಏನಾಗಬೇಕು ಎಂದರು. ಅಲ್ಲಿಗೆ ಆ ಮಾತು ಕೈಬಿಟ್ಟೆವು.

ಆರೋಗ್ಯ ವಿಮೆಯಿಂದ ಇದರಲ್ಲಿ ಯಾವುದಕ್ಕೂ ಪೈಸೆ ಬರಲಿಲ್ಲ. ಡಯಾಪರ್, ಅಟೆಂಡರ್ ಖರ್ಚು ಆಸ್ಪತ್ರೆಯೊಳಗಿದ್ದಾಗಲೇ ಸಾಮಾನ್ಯವಾಗಿ ಕೊಡದ ಪಟ್ಟಿಯಲ್ಲಿರುತ್ತವೆ. ತೆರಿಗೆಯಲ್ಲಿ ಸ್ವಲ್ಪ ಅನುಕೂಲವಾಯಿತು. ಅಮ್ಮನಿಗೆ ಯುಡಿಐಡಿ ಎಂಬ ಅಂಗವೈಕಲ್ಯದ ಗುರುತಿನ ಕಾರ್ಡ್ ಮಾಡಿಸಿದೆವು. ಅರ್ಜಿ ಆನ್‌ಲೈನಿನಲ್ಲಿ, ತಪಾಸಣೆ ಸರ್ಕಾರಿ ಆಸ್ಪತ್ರೆಯ ವೈದ್ಯರ ಮುಂದೆ. ಅದನ್ನಿಟ್ಟುಕೊಂಡು 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಕಲಮಿನಲ್ಲಿ ವಿನಾಯಿತಿ ಕೇಳಿದೆ. ನಮ್ಮನ್ನೇ ನೆಚ್ಚಿಕೊಂಡ ತಂದೆತಾಯಿಗೆ ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವಿದ್ದರೆ 75,000, ಶೇ. 80 ಮತ್ತು ಮೇಲ್ಪಟ್ಟರೆ 1,25,000 ರೂಪಾಯಿಯನ್ನು ಆದಾಯದಿಂದ ಕಳೆಯುತ್ತಾರೆ. ಖರ್ಚು ಎಷ್ಟೇ ಇರಲಿ, ಮೊತ್ತ ಅದೇ. ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. ಎಫ್‌ಡಿ ಬಡ್ಡಿ ಅಮ್ಮನ ಖಾತೆಗೆ ಬೀಳುತ್ತಿತ್ತು, ಬಲಗೈ ಹೋದ ಮೇಲೆ ಸಹಿಯಿಲ್ಲ. ಇಂಥವರಿಗೆ ಹೆಬ್ಬೆಟ್ಟು, ಅದೂ ಆಗದಿದ್ದರೆ ಕಾಲಿನ ಬೆರಳ ಗುರುತು ಸಾಕು, ಇಬ್ಬರು ಸಾಕ್ಷಿ ಬೇಕು, ಅದರಲ್ಲೊಬ್ಬರು ಬ್ಯಾಂಕಿನ ಅಧಿಕಾರಿ ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಬ್ಯಾಂಕಿನವರು ಮನೆಗೆ ಬಂದು ಎಡಗೈ ಹೆಬ್ಬೆಟ್ಟು ಹಾಕಿಸಿಕೊಂಡು ಹೋದರು.

ಈಗ ಅಮ್ಮ ನುಂಗುತ್ತಾಳೆ, ಮೂಗಿನ ಟ್ಯೂಬ್ ತೆಗೆದಾಗಿದೆ. ಮೆತ್ತಗೆ ಕಲಸಿದ ಮೊಸರನ್ನ, ಕಿವುಚಿದ ಬಾಳೆಹಣ್ಣು. ಊರುಗೋಲಿನ ಜೊತೆ ನಾಲ್ಕು ಹೆಜ್ಜೆ, ಅದಕ್ಕೂ ಇಬ್ಬರು ಹಿಡಿಯಬೇಕು. ಕೆಲಸ ಹಗುರಾಯಿತಲ್ಲ, ಸಂಬಳ ಇಳಿಸಬಹುದಲ್ಲ ಎಂದು ಪಕ್ಕದ ಮನೆಯವರು ಕೇಳಿದರು. ಹಗುರಾದದ್ದು ಅವರು ಮಾಡಿದ ಕೆಲಸದಿಂದಲೇ. ಯುಗಾದಿಯಿಂದ 23,500 ಎಂದು ಹೊಸ ಪುಟ ಬರೆದಿದ್ದೇವೆ. ಮುಂದಿನ ತಿಂಗಳು ಮಗಳ ಪರೀಕ್ಷೆಗೆಂದು ಅವರು ಊರಿಗೆ ಹೋಗುತ್ತಾರೆ. ಬದಲಿಗೆ ಬರುವವರು ಗೊತ್ತಾಗಿದ್ದಾರೆ. ಹೋಗುವ ಮುಂಚೆ ಎರಡು ದಿನ ಜೊತೆಗಿದ್ದು ಅಮ್ಮನನ್ನು ಎತ್ತುವುದು ಹೇಗೆಂದು ಅವರಿಗೆ ಕಲಿಸಿ ಹೋಗುತ್ತೇನೆ ಎಂದಿದ್ದಾರೆ. ಆ ಎರಡು ದಿನದ ಸಂಬಳ ಇಬ್ಬರಿಗೂ ಇದೆ.